ಪೀಚ್ ಹಣ್ಣಿಗೆ ಬಿಟ್ಟ ಜಾಗ

ಮೊಲ್ಯೆಪಂಪ ಊರಿನ ರೊಕಬಾದೊ ಅಕ್ಕತಂಗಿಯರ ಮನೆಯಲ್ಲಿ ಒಂದು ವರ್ಷ ಯಾರೂ ಊಟದ ಟೇಬಲ್ಲಿನ ಮೇಲೆ ಊಟ ಮಾಡಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂದರು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿಂದರು, ಅಂಗಳದ ಅಂಜೂರದ ಮರದ ಕೆಳಗೆ ಕೂತು ನಾಯಿಗೆ ಬೈಯುತ್ತಾ ತಿಂದರು. ಟೇಬಲ್ಲು ಮಾತ್ರ ಕೋಣೆಯ ನಡುವೆ ಕಪ್ಪು ಶಾಲು ಹೊದ್ದುಕೊಂಡು, ನಾಲ್ಕು ಕಾಲಿಗೂ ಮೊಳೆ ಹೊಡೆಸಿಕೊಂಡು ನಿಂತಿತ್ತು. ಅದರ ಎದುರಿಗೆ ಮೂರು ಕಾಲಿನ ಮೇಲೊಂದು ಮರದ ಪೆಟ್ಟಿಗೆ. ಇದೆಲ್ಲ ಅಕ್ಕ ಸೆನೋಬಿಯಾಳ ಕೆಲಸ. ತಂಗಿ ದೆಲ್ಫಿನಾಳ ಪಾಲಿಗೆ ಉಳಿದದ್ದು ಬೈಯುವ ಕೆಲಸ, ಅದನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಸೆನೋಬಿಯಾಗೆ ಅರವತ್ತೇಳು. ನಲವತ್ತಮೂರು ವರ್ಷ ಆ ಕಣಿವೆಯ ಮನೆಗಳಿಗೆಲ್ಲ ಹಣ್ಣಿನ ಚಿತ್ರ ಬರೆದುಕೊಟ್ಟವಳು. ಮದುವೆಯಾಗುವ ಹುಡುಗಿಗೆ ಅವಳ ಮದ್ರಿನಾ, ಅಂದರೆ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡ ಧರ್ಮತಾಯಿ, ಊಟದ ಕೋಣೆಗೊಂದು ಚಿತ್ರ ಕೊಡುವುದು ಆ ಊರಿನ ಪದ್ಧತಿ. ಚಿತ್ರದಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಹಣ್ಣು ಇರಬೇಕು, ಹನ್ನೆರಡೂ ಒಟ್ಟಿಗೆ ಮಾಗಿರಬೇಕು. ಮೇ ತಿಂಗಳ, ಸೀತಾಫಲದಂಥ ಚಿರಿಮೋಯ ಮತ್ತು ಡಿಸೆಂಬರಿನ ಜರದಾಳು ಅಕ್ಕಪಕ್ಕ ಕೂರುವುದಕ್ಕೆ ಯಾವ ತೋಟವೂ ಒಪ್ಪುವುದಿಲ್ಲ, ಆದರೆ ಕುಂಚ ಒಪ್ಪುತ್ತದೆ. ವರ್ಷದ ಯಾವ ತಿಂಗಳಲ್ಲೂ ಆ ಮನೆಯಲ್ಲಿ 'ಇಲ್ಲ' ಎನ್ನುವ ಮಾತು ಕೇಳಬಾರದು ಎಂಬ ಹಾರೈಕೆ ಅದು. ಹಾಗೆ ಹಾರೈಸಿಕೊಂಡ ಮನೆಗಳಲ್ಲಿ 'ಇಲ್ಲ' ಎನ್ನುವ ಮಾತು ಧಾರಾಳವಾಗಿಯೇ ಕೇಳಿಸುತ್ತಿತ್ತು, ಆ ಮಾತು ಬೇರೆ.

ತಂಗಿ ದೆಲ್ಫಿನಾ ಬೀದಿ ಕಡೆಯ ಕೋಣೆಯಲ್ಲಿ ಮಧ್ಯಾಹ್ನದ ಊಟದ ಖಾನಾವಳಿ ನಡೆಸುತ್ತಿದ್ದಳು. ಹರೆಯದಲ್ಲಿ ಮಾಂಸ ಅರೆಯುವ ಯಂತ್ರಕ್ಕೆ ಬಲಗೈ ತೋರುಬೆರಳಿನ ಮೇಲಿನ ಅರ್ಧ ಕೊಟ್ಟಿದ್ದಳು. "ಒಂಬತ್ತೂವರೆ ಬೆರಳಲ್ಲಿ ಊರಿಗೇ ಬಡಿಸ್ತೀನಿ, ಹತ್ತೂ ಇದ್ದಿದ್ರೆ ಸರ್ಕಾರ ನಡೆಸ್ತಿದ್ದೆ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು. ಅಕ್ಕತಂಗಿ ಇಬ್ಬರಿಗೂ ಗಂಡಂದಿರಿಲ್ಲ. ಒಬ್ಬಳ ಗಂಡ ಸತ್ತಿದ್ದ, ಇನ್ನೊಬ್ಬಳ ಗಂಡ ಸಾಂತಾಕ್ರೂಸಿನಲ್ಲಿ ಬೇರೊಬ್ಬಳ ಮನೆಯಲ್ಲಿ ಬದುಕಿದ್ದ. ಮನೆಯಲ್ಲಿದ್ದ ಮೂರನೆಯವಳು ಸೆನೋಬಿಯಾಳ ಧರ್ಮಪುತ್ರಿ ನೋಯೆಲಿಯಾ. ಏಳನೇ ವಯಸ್ಸಿನಿಂದ ಇವರೇ ಸಾಕಿದ ಹುಡುಗಿ, ಈಗ ಹಲ್ಲಿನ ಡಾಕ್ಟರೊಬ್ಬರ ಬಳಿ ಕಟ್ಟುಹಲ್ಲು ಮಾಡುತ್ತಿದ್ದಳು.

ಎರಡು ವರ್ಷದ ಹಿಂದೆ ಸೆನೋಬಿಯಾಳ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟದಲ್ಲಿ ಗೊತ್ತಾಯಿತು, ಆಮೇಲೆ ದ್ರಾಕ್ಷಿಯಲ್ಲಿ. ದ್ರಾಕ್ಷಿ ಬರೆಯುವುದೆಂದರೆ ಒಂದು ದುಂಡು ಗೆರೆ, ಅದರ ಮೇಲೆ ಸೂಜಿಮೊನೆಯಷ್ಟು ಬೆಳಕು. ಆ ಬೆಳಕಿನ ಚುಕ್ಕೆ ಪಕ್ಕದ ಹಣ್ಣಿಗೆ ಹೋಗಿ ಬೀಳತೊಡಗಿತು. ಎಡಗೈಯಲ್ಲಿ ಪ್ರಯತ್ನಿಸಿದಳು. ಎಡಗೈಗೆ ಏನು ಬರೆದರೂ ಆಲೂಗಡ್ಡೆಯೇ ಬರುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರು, ದೆಲ್ಫಿನಾ ಕಷಾಯ ಕೊಟ್ಟಳು, ಎರಡರಿಂದಲೂ ಸೊಗಸಾಗಿ ನಿದ್ದೆ ಬಂತು.

ಅಷ್ಟರಲ್ಲಿ ನೋಯೆಲಿಯಾಳ ಮದುವೆ ಗೊತ್ತಾಯಿತು. ಹುಡುಗ ಆರಿಯೆಲ್, ಲಾರಿ ರಿಪೇರಿ ಮಾಡುವವನು. ಅವನು ಕಟ್ಟಿಸುತ್ತಿದ್ದ ಎರಡು ಕೋಣೆಗಳಿಗೆ ಮಾಡು ಬಂದ ಮೇಲೆ, ಅಂದರೆ ಮುಂದಿನ ವರ್ಷ ಈಸ್ಟರ್ ಕಳೆದ ಶನಿವಾರ ಮದುವೆ. ಇನ್ನೂರಕ್ಕೂ ಹೆಚ್ಚು ಮದುಮಗಳಿಗೆ ಚಿತ್ರ ಬರೆದವಳು ತನ್ನ ಸ್ವಂತ ಧರ್ಮಪುತ್ರಿಗೆ ಬರಿಗೈ ತೋರಿಸಬೇಕಾಗಿ ಬಂತು. ನೋಯೆಲಿಯಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

"ಮದ್ರಿನಾ, ಯಾಕೆ ಕೊರಗ್ತೀರ? ಸಂತೇಲಿ ಅಚ್ಚು ಹಾಕಿದ ಹಣ್ಣಿನ ಚಿತ್ರ ಸಿಗ್ತಾವೆ, ಕಟ್ಟು ಸಮೇತ. ಒರೆಸಿದ್ರೆ ಧೂಳೂ ಹೋಗುತ್ತೆ."

ಆ ಮಾತು ಸೆನೋಬಿಯಾಗೆ ಮುಳ್ಳಿನಂತೆ ಚುಚ್ಚಿತು. ಇಷ್ಟು ವರ್ಷ ಚಿತ್ರ ಬರೆದದ್ದು ತಾನೋ ತನ್ನ ಕೈಯೋ ಎಂಬ ಪ್ರಶ್ನೆ ಅವಳನ್ನು ಹಗಲಿಡೀ ಕಾಡಿತು. ಕೈಯೇ ಆಗಿದ್ದರೆ ಈಗ ತಾನು ಯಾರು ಎಂದು ಅವಳಿಗೆ ನಿಜವಾಗಿಯೂ ಭಯವಾಯಿತು.

ಮಾರನೆಯ ದಿನ ಅವಳು ಚೌಕಕ್ಕೆ ಹೋಗಿ ದೊನ್ ಲಿಂಬರ್ಟನ ಮುಂದೆ ನಿಂತಳು. ದೊನ್ ಲಿಂಬರ್ಟ್ ನಲವತ್ತು ವರ್ಷದಿಂದ ಚೌಕದ ತಾಳೆಮರದ ಕೆಳಗೆ ಮರದ ಪೆಟ್ಟಿಗೆ ಕ್ಯಾಮೆರಾ ಇಟ್ಟುಕೊಂಡು ಗುರುತಿನ ಚೀಟಿಗೆ ಬೇಕಾದ ಫೋಟೊ ನಾಲ್ಕೇ ನಿಮಿಷದಲ್ಲಿ ತೆಗೆದುಕೊಡುತ್ತಿದ್ದವನು. ಎಲ್ಲರ ಕೈಗೂ ಫೋನು ಬಂದ ಮೇಲೆ ಅವನ ಮುಂದೆ ಕೂರುವವು ಪಾರಿವಾಳ ಮಾತ್ರ. ಕ್ಯಾಮೆರಾದ ಹಿಂದಿನ ಬಾಗಿಲಿಗೆ ಕಪ್ಪು ಬಟ್ಟೆ. ಅದರೊಳಗೆ ತಲೆ ತೂರಿಸಿದರೆ ಮಸುಕು ಗಾಜಿನ ಮೇಲೆ ಎದುರಿನ ದೃಶ್ಯ ಕಾಣುತ್ತದೆ. ಸೆನೋಬಿಯಾ ತೂರಿಸಿದ ತಲೆಯನ್ನು ಹೊರಗೆ ತೆಗೆಯಲೇ ಇಲ್ಲ. ತಲೆ ಸುತ್ತಿತೇನೋ ಎಂದು ಅವನಿಗೆ ಗಾಬರಿಯಾಯಿತು. ಎಲ್ಲ ತಲೆಕೆಳಗಾಗಿ ಕಾಣುತ್ತದೆ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಎಂದು ಸಮಾಧಾನ ಹೇಳಿದ.

"ರೂಢಿ ಮಾಡ್ಕೊಳ್ಳೋದೇನು ಬಂತು ದೊನ್ ಲಿಂಬರ್ಟ್" ಎಂದು ಬಟ್ಟೆಯೊಳಗಿಂದ ದನಿ ಬಂತು. "ನಲವತ್ತಮೂರು ವರ್ಷ ನಾನು ಮಾಡಿದ್ದೇ ಇದನ್ನ."

ಅವಳು ಹೇಳಿದ್ದು ನಿಜ. ಪ್ರತಿ ಚಿತ್ರವನ್ನೂ ಮುಗಿಸುವ ಮೊದಲು ತಲೆಕೆಳಗು ಮಾಡಿ ಗೋಡೆಗೆ ಒರಗಿಸಿ ಒಂದು ದಿನ ನೋಡುತ್ತಿದ್ದಳು. ನೆಟ್ಟಗಿದ್ದರೆ ಪಪ್ಪಾಯಿ ಪಪ್ಪಾಯಿಯಾಗಿಯೇ ಕಾಣುತ್ತದೆ, ಬಾಯಲ್ಲಿ ನೀರೂ ಬರುತ್ತದೆ. ತಲೆಕೆಳಗಾದರೆ ಹಣ್ಣು ಮರೆತುಹೋಗಿ ಯಾವ ಕಡೆ ಭಾರ ಹೆಚ್ಚಾಯಿತು, ಎಲ್ಲಿ ತೂತು ಬಿತ್ತು ಎಂಬುದು ಕಾಣುತ್ತದೆ. ಅದನ್ನೇ ಈ ಹಳೇ ಪೆಟ್ಟಿಗೆ ಪುಕ್ಕಟೆಯಾಗಿ ಮಾಡುತ್ತಿತ್ತು. ಅವಳು ಕ್ಯಾಮೆರಾ ಕೇಳಿದಳು. ದೊನ್ ಲಿಂಬರ್ಟ್ ಕೊಡಲು ಒಪ್ಪಿದ, ಜೊತೆಗೆ ತಾನೂ ಬಂದು ಕೆಲಸ ಕಲಿಸುತ್ತೇನೆ ಎಂದ. ಬದಲಿಗೆ ದೆಲ್ಫಿನಾಳ ಖಾನಾವಳಿಯಲ್ಲಿ ಅವನಿಗೆ ದಿನಾ ಮಧ್ಯಾಹ್ನ ಕಡಲೆಕಾಯಿ ಸೂಪು ಸಿಗಬೇಕು. ಈ ಒಪ್ಪಂದಕ್ಕೆ ದೆಲ್ಫಿನಾಳನ್ನು ಯಾರೂ ಕೇಳಲಿಲ್ಲ.

ಮೊದಲ ಫೋಟೊ ನೋಡಿ ಸೆನೋಬಿಯಾ ಮುಖ ಸಿಂಡರಿಸಿದಳು. ದೊನ್ ಲಿಂಬರ್ಟನಿಗೆ ಅದು ಭಾರಿ ಚೆನ್ನಾಗಿದೆ ಎನಿಸಿತ್ತು: ದ್ರಾಕ್ಷಿಯ ಕಾಂಡದ ನಾರು ಕೂಡ ಎಣಿಸಬಹುದಾಗಿತ್ತು.

"ಸಂತೇಲಿ ಎಲ್ಲರೂ ಒಟ್ಟಿಗೆ ಕೂಗೋ ಹಾಗಿದೆ. ಯಾರ ಮಾತೂ ಕೇಳಿಸ್ತಿಲ್ಲ" ಎಂದಳು.

"ದೊನ್ಯಾ ಸೆನೋಬಿಯಾ, ಫೋಟೊ ಅಂದ್ರೆ ಇದ್ದಿದ್ದು ಇದ್ದ ಹಾಗೆ."

"ಇದ್ದಿದ್ದನ್ನ ನೋಡೋಕೆ ಕಣ್ಣಿದೆ. ಚಿತ್ರ ಯಾಕೆ ಬೇಕು?"

ಅಲ್ಲಿಂದ ಅವಳು ತನ್ನ ಕಸುಬಿನ ದಾರಿ ಹಿಡಿದಳು. ಕಿಟಕಿಗೆ ದಪ್ಪ ಕಂಬಳಿ ಹೊದಿಸಿ ಎಡಗಡೆ ಒಂದು ಗೇಣು ಮಾತ್ರ ತೆರೆದಳು, ಕೋಣೆಯೆಲ್ಲ ಮಬ್ಬಾಯಿತು. ಗಂಡ ಸತ್ತಾಗ ಹೊದ್ದಿದ್ದ ಕಪ್ಪು ಶಾಲನ್ನು ಟೇಬಲ್ಲಿಗೂ ಹಿಂದಿನ ಗೋಡೆಗೂ ಹಾಸಿದಳು. ನೆರಳು ಗಟ್ಟಿಯಾದ ಕಡೆಗೆ ತಂಗಿಯ ರೊಟ್ಟಿ ಹಲಗೆಗೆ ಬಿಳಿ ಬಟ್ಟೆ ಸುತ್ತಿ ಹಿಡಿದರೆ ಬೆಳಕು ಹಣ್ಣಿನ ಕೆಳಗೆ ಮೆತ್ತಗೆ ಹೋಗಿ ಕೂರುತ್ತಿತ್ತು. ಬಣ್ಣ ಬರುವುದಿಲ್ಲವಲ್ಲ ಎಂದು ನೋಯೆಲಿಯಾ ಕೇಳಿದ್ದಕ್ಕೆ, ತಾನು ಪ್ರತಿ ಚಿತ್ರವನ್ನೂ ಮೊದಲು ಬೂದಿ ಬಣ್ಣದಲ್ಲೇ ಪೂರ್ತಿ ಬರೆಯುತ್ತಿದ್ದೆ, ಬಣ್ಣ ಆಮೇಲೆ ಉಡಿಸುವ ಬಟ್ಟೆ ಎಂದಳು. ಅವಳ ಮುಖದಲ್ಲಿ ಕೈ ನಡುಗತೊಡಗಿದಾಗಿನಿಂದ ಕಾಣದಿದ್ದ ಲವಲವಿಕೆ ಬಂದಿತ್ತು.

ಕೈ ನಡುಗುವುದಕ್ಕೂ ಉಪಾಯ ಸಿಕ್ಕಿತು. ಅದು ದೊನ್ ಲಿಂಬರ್ಟನದು. ಮಸೂರದ ಮುಚ್ಚಳ ತೆಗೆಯುವಾಗ ಕೈ ನಡುಗಿದರೆ ಪೆಟ್ಟಿಗೆಯೂ ಅಲುಗುತ್ತದೆ. ಅದಕ್ಕೆ ಮಸೂರದ ಮುಂದೆ ಟೋಪಿ ಹಿಡಿಯಬೇಕು, ಪೆಟ್ಟಿಗೆಗೆ ತಾಗಿಸಬಾರದು. ಮುಚ್ಚಳ ತೆಗೆದು, ಪೆಟ್ಟಿಗೆ ಸುಮ್ಮನಾದ ಮೇಲೆ ಟೋಪಿ ಸರಿಸಬೇಕು. ಎರಡು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಿ ಟೋಪಿಯನ್ನು ಮತ್ತೆ ಅಡ್ಡ ತರಬೇಕು. ಟೋಪಿ ಎಷ್ಟು ನಡುಗಿದರೂ ಫೋಟೊ ನಡುಗುವುದಿಲ್ಲ. ಇದನ್ನು ಮೊದಲ ಸಲ ಮಾಡಿ ನೋಡಿದ ದಿನ ಸೆನೋಬಿಯಾ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ಅತ್ತಳು.

ಆದರೆ ಹನ್ನೆರಡು ಹಣ್ಣಿನ ತೊಡಕು ತೊಡಕಾಗಿಯೇ ಉಳಿಯಿತು. ದೆಲ್ಫಿನಾ ಸೂಪು ಕಲಕುತ್ತಾ ಅಕ್ಕನನ್ನು ಕೆಣಕಿದಳು: ಮುಂದಿದ್ದದ್ದನ್ನು ಮಾತ್ರ ತೋರಿಸುವ ಪೆಟ್ಟಿಗೆ ಇದು, ಜೂನ್ ತಿಂಗಳಲ್ಲಿ ಪೀಚ್ ಹಣ್ಣು ತಂದುಕೊಡಲು ಯಾವ ಸಂತನಿಗೆ ಮೇಣದಬತ್ತಿ ಹಚ್ಚುತ್ತೀಯ ಎಂದು. ಉತ್ತರ ಸಿಕ್ಕಿದ್ದು ದೊನ್ ಲಿಂಬರ್ಟನ ಹಳೆಯ ಎಡವಟ್ಟಿನಲ್ಲಿ. ಒಮ್ಮೆ ಅವನು ಕಾಗದ ಬದಲಿಸಲು ಮರೆತು, ಬ್ಯಾಂಡಿನ ತುತ್ತೂರಿಯವನನ್ನೂ ಒಬ್ಬ ವಿಧವೆಯನ್ನೂ ಒಂದೇ ಕಾಗದದ ಮೇಲೆ ತೆಗೆದಿದ್ದ. ವಿಧವೆಯ ಕಿವಿಯಿಂದ ತುತ್ತೂರಿ ಹೊರಟಿತ್ತು. ಅದನ್ನು ಅವನು ತಮಾಷೆಗೆಂದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದ. ಸೆನೋಬಿಯಾ ಅದನ್ನು ಕಿತ್ತು ಕಿಟಕಿಯ ಬಳಿ ತಂದು ನೋಡಿದಳು. ಇಬ್ಬರೂ ಹೇಗೆ ಬಂದರು ಎಂದು ಕೇಳಿದಳು. ಅವನು ವಿವರಿಸಿದ: ಕಪ್ಪಗಿರುವುದು ಕಾಗದದ ಮೇಲೆ ಏನೂ ಮಾಡುವುದಿಲ್ಲ, ಬೆಳಕು ಬಿದ್ದದ್ದು ಮಾತ್ರ ಅಚ್ಚಾಗುತ್ತದೆ, ಹಾಗಾಗಿ ಕಪ್ಪಿದ್ದ ಜಾಗ ಇನ್ನೊಂದು ಸಲಕ್ಕೆ ಖಾಲಿಯೇ ಇರುತ್ತದೆ.

"ಹಾಗಾದ್ರೆ ಒಂದೇ ಕಾಗದ ಒಂದು ವರ್ಷ ಒಳಗಿರ್ಲಿ" ಎಂದಳು ಸೆನೋಬಿಯಾ. "ತಿಂಗಳಿಗೊಂದು ಹಣ್ಣು ತೆಗೀತೀನಿ."

ದೊನ್ ಲಿಂಬರ್ಟ್ ಚಮಚ ಕೆಳಗಿಟ್ಟ. ತನ್ನ ಫೋಟೊಗೆ ನಾಲ್ಕು ನಿಮಿಷ ಸಾಕು ಎಂಬುದನ್ನು ನಲವತ್ತು ವರ್ಷ ಹೆಮ್ಮೆಯಿಂದ ಹೇಳಿಕೊಂಡವನು ಅವನು. ಒಂದು ವರ್ಷದ ಫೋಟೊ ಎಂದರೆ ಒಂದು ವರ್ಷದ ಸೂಪು ಎಂಬುದು ಹೊಳೆದ ಮೇಲೆ, ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ ಎಂದ.

ಕಾಗದ ಒಳಗೆ ಹಾಕಿದ ಮೇಲೆ ಮಸುಕು ಗಾಜಿನಲ್ಲಿ ನೋಡಲು ಬರುವುದಿಲ್ಲ. ಅದಕ್ಕೇ ಚಿತ್ರವನ್ನೆಲ್ಲ ಮೊದಲೇ ಕೂರಿಸಬೇಕಾಯಿತು. ಎರಡು ವಾರ ಅವಳು ದೆಲ್ಫಿನಾಳ ಆಲೂಗಡ್ಡೆ, ಈರುಳ್ಳಿ, ಕುಂಬಳಕಾಯಿಗಳಿಗೆ ಹಣ್ಣಿನ ಪಾತ್ರ ಕೊಟ್ಟು ಟೇಬಲ್ಲಿನ ಮೇಲೆ ಸರಿಸಿದ್ದೇ ಸರಿಸಿದ್ದು. ಪಪ್ಪಾಯಿ ಪಾತ್ರದ ಕುಂಬಳಕಾಯಿ ಒಂದು ಮಧ್ಯಾಹ್ನ ಸಾರಿಗೆ ಹೋಗಿ, ಅದರ ಜಾಗಕ್ಕೆ ನೋಯೆಲಿಯಾಳ ಚಪ್ಪಲಿ ಬಂತು. ನಡುವಿನ ಜಾಗ ಪೀಚ್ ಹಣ್ಣಿನದು, ಫೆಬ್ರವರಿಯದು, ಎಲ್ಲಕ್ಕಿಂತ ಕೊನೆಯದು. ಉಳಿದ ಹನ್ನೊಂದೂ ಅದರ ಕಡೆಗೆ ವಾಲಿ ಕೂತವು. ಎಲ್ಲ ಸರಿಯಾದ ಮೇಲೆ ಪ್ರತಿಯೊಂದರ ಸುತ್ತಲೂ ಕಪ್ಪು ಶಾಲಿನ ಮೇಲೆ ಕಪ್ಪು ಉಣ್ಣೆ ದಾರದಲ್ಲಿ ಗೆರೆ ಹೊಲಿಯಬೇಕಿತ್ತು. ಆ ಗೆರೆ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ. ಹೊಲಿದವಳು ದೆಲ್ಫಿನಾ. ಬೈಯುತ್ತಲೇ ಹೊಲಿದಳು, ಹೊಲಿಗೆ ಮಾತ್ರ ಒಂದೂ ಸೊಟ್ಟಗಾಗಲಿಲ್ಲ. ದೊನ್ ಲಿಂಬರ್ಟ್ ಪೆಟ್ಟಿಗೆಯ ಪಕ್ಕಕ್ಕೆ ಹೊಲಿದ, ಬೆಳಕು ನುಗ್ಗದ ತೋಳುಚೀಲದಲ್ಲಿ ಕೈ ತೂರಿಸಿ ಗಾಜು ತೆಗೆದು ಕಾಗದ ನಿಲ್ಲಿಸಿದ. ಮಾರ್ಚ್ ತಿಂಗಳ ದ್ರಾಕ್ಷಿಯಿಂದ ಕೆಲಸ ಶುರುವಾಯಿತು.

ಆ ವರ್ಷದ ಕಥೆ ಹೇಳಿದರೆ ಅದೇ ಒಂದು ಪುಸ್ತಕವಾದೀತು. ದ್ರಾಕ್ಷಿಗೆ ಮಂಜು ಹಿಡಿದಂತೆ ಕಾಣಲೆಂದು ಸೆನೋಬಿಯಾ ಚಿಟಿಕೆ ಹಿಟ್ಟು ಊದಿದಳು. ಮೇ ತಿಂಗಳಲ್ಲಿ ಅವಳು ಐದು ಸಂತೆ ತಿರುಗಿ ಆರಿಸಿ ತಂದ ಚಿರಿಮೋಯವನ್ನು ಆರಿಯೆಲ್ ಬೆಳಿಗ್ಗೆ ಬಂದವನೇ ತಿಂದು, ಬೀಜಗಳನ್ನು ಅಚ್ಚುಕಟ್ಟಾಗಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದ. ಆ ಮದುವೆ ಅಂದೇ ಮುರಿದುಹೋಗುವುದರಲ್ಲಿತ್ತು. ಅಕ್ಟೋಬರಿನ ಸ್ಟ್ರಾಬೆರಿ ಇನ್ನೊಂದು ತಕರಾರು ತೆಗೆಯಿತು. ಆ ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಕೆಂಪೆಲ್ಲ ಕಪ್ಪಾಗುತ್ತದೆ ಎಂದ ದೊನ್ ಲಿಂಬರ್ಟ್. ಸೆನೋಬಿಯಾ ಸ್ಟ್ರಾಬೆರಿಗಳಿಗೆ ಮುಖದ ಪೌಡರು ಹಚ್ಚಿದಳು. ಫೋಟೊ ಎಂದರೆ ಇದ್ದಿದ್ದು ಇದ್ದ ಹಾಗೆ ಎಂದು ಅವನು ಮತ್ತೆ ಹೇಳಲು ಹೋಗಿ, ಹೇಳದೆ ಪೌಡರಿನ ಡಬ್ಬಿ ಹಿಡಿದುಕೊಂಡ. ತಿಂಗಳು ತಿಂಗಳೂ ಅವಳು ಮಬ್ಬಿನಲ್ಲಿ ಶಾಲಿನ ಮೇಲೆ ಬೆರಳಾಡಿಸಿ ಹೊಲಿಗೆ ಹುಡುಕಿ ಹಣ್ಣು ಇಡುತ್ತಿದ್ದಳು, ದೆಲ್ಫಿನಾ ರೊಟ್ಟಿ ಹಲಗೆ ಹಿಡಿಯುತ್ತಿದ್ದಳು, ಇಬ್ಬರೂ ಸೇರಿ ಎರಡು ನಮೋ ಮರಿಯಾ ಹೇಳುತ್ತಿದ್ದರು. ಹಣ್ಣು ಆಮೇಲೆ ದೆಲ್ಫಿನಾಳ ಜಾಮ್ ಪಾತ್ರೆಗೆ ಹೋಗುತ್ತಿತ್ತು.

"ನನ್ನ ಟೇಬಲ್ ಯಾವಾಗ ಬರುತ್ತೆ?" ಎಂದು ದೆಲ್ಫಿನಾ ಪ್ರತಿ ಸಲವೂ ಕೇಳುತ್ತಿದ್ದಳು. "ಸತ್ತ ಮೇಲೆ ಅದರ ಮೇಲೇ ನನ್ನನ್ನ ಮಲಗಿಸ್ತಾರೆ, ಆಗ ನೋಡ್ಬೇಕೇನೋ."

ಹೀಗೆ ಜನವರಿಯ ಕಳ್ಳಿಹಣ್ಣೂ ಮುಗಿಯಿತು. ಹನ್ನೊಂದು ಹಣ್ಣು ಕತ್ತಲೆಯ ಪೆಟ್ಟಿಗೆಯಲ್ಲಿ ಹನ್ನೆರಡನೆಯದಕ್ಕೆ ಕಾದು ಕೂತವು. ಅವು ಹೇಗೆ ಬಂದಿವೆಯೋ ನೋಡಿದವರಿಲ್ಲ. ಆ ವರ್ಷ ಈಸ್ಟರಿನ ಉಪವಾಸಕಾಲಕ್ಕೆ ಮುಂಚಿನ ಕಾರ್ನಿವಲ್ ಹಬ್ಬ ಫೆಬ್ರವರಿ ಕೊನೆಯ ವಾರಕ್ಕೆ ಬಂತು. ಮದುವೆಗೆ ಉಳಿದದ್ದು ಏಳೇ ವಾರ.

ಕಾರ್ನಿವಲ್ಲಿನ ಮಂಗಳವಾರ ಆ ಊರಿನಲ್ಲಿ ಮನೆಗೂ ಸಾಮಾನಿಗೂ ಹಬ್ಬ. ಮೆಕ್ಕೆಜೋಳದ ಹೆಂಡ ಚಿಚಾ ಚಿಮುಕಿಸಿ, ಹೂವಿನ ಪಕಳೆ ಮತ್ತು ಬಣ್ಣದ ಕಾಗದದ ಚೂರು ಎರಚಿ, ಬಾಗಿಲಿಗೆ, ಒಲೆಗೆ, ಹೊಲಿಗೆ ಯಂತ್ರಕ್ಕೆ, ಲಾರಿಗೆ, ದುಡಿಯುವ ಎಲ್ಲದಕ್ಕೂ ಉಣಿಸಿ ಹರಸುತ್ತಾರೆ. ಅದನ್ನು ಚಾಲ್ಯಾ ಎನ್ನುತ್ತಾರೆ. ಸೆನೋಬಿಯಾ ಬೆಳಿಗ್ಗೆಯೇ ಪೀಚ್ ಹಣ್ಣು ಆರಿಸಲು ಹೊರಟಿದ್ದಳು. ಆ ದಿನ ಎಲ್ಲರ ಮನೆಯ ಮಾಂಸದ ಪಾತ್ರೆಗೂ ಇಡೀ ಪೀಚ್ ಬೀಳುತ್ತದೆ, ಹಾಗಾಗಿ ಸಂತೆಯಲ್ಲಿ ನೂಕುನುಗ್ಗಲು. ಆರಿಸಿ, ಬಿಟ್ಟು, ಮತ್ತೆ ಆರಿಸಿ, ಕೊನೆಗೆ ಒಂದು ಎಲೆ ಸಮೇತ ಇದ್ದ ಹಣ್ಣನ್ನು ಟೋಪಿಯೊಳಗೆ ಇಟ್ಟುಕೊಂಡು ಮನೆಗೆ ಬಂದಳು. ಬೀದಿಯಲ್ಲಿ ಯಾರೋ ಎರಚಿದ ಕಾಗದದ ಚೂರು ಅವಳ ಬಿಳಿ ಕೂದಲ ತುಂಬ ಇತ್ತು. ಅಷ್ಟು ಖುಷಿಯಾಗಿ ಅವಳು ಆ ಬೀದಿಯಲ್ಲಿ ನಡೆದು ಎಷ್ಟೋ ದಿನವಾಗಿತ್ತು.

ಊಟದ ಕೋಣೆಯಲ್ಲಿ ಕ್ಯಾಮೆರಾ ಮದುಮಗನ ಹಾಗೆ ಸಿಂಗರಿಸಿಕೊಂಡು ನಿಂತಿತ್ತು. ಮೂರು ಕಾಲಿಗೂ ಬಣ್ಣದ ಕಾಗದದ ಸುರುಳಿ ಸುತ್ತಿತ್ತು, ನೆತ್ತಿಯ ಮೇಲೆ ಹಳದಿ ಪಕಳೆ. ಸೆನೋಬಿಯಾ ನಕ್ಕಳು. ಆಮೇಲೆ ಪೆಟ್ಟಿಗೆಯ ಹಿಂದಿನ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಪಕಳೆ ಕಂಡಿತು.

"ದೆಲ್ಫಿ, ಇದರ ಬಾಗಿಲು ತೆಗೆದ್ಯಾ?"

"ತೆಗೀದೆ ಮತ್ತೆ?" ದೆಲ್ಫಿನಾ ಚಿಚಾದ ಬಟ್ಟಲು ಹಿಡಿದುಕೊಂಡೇ ಬಂದಳು. "ಒಲೆಗೆ ಒಳಗೆ ಹಾಕಲ್ವಾ? ಹೊಟ್ಟೆಗೆ ಹಾಕದೆ ಬೆನ್ನಿಗೆ ಹಾಕಿದ್ರೆ ಯಾವ ಸಾಮಾನು ದುಡಿಯುತ್ತೆ? ಒಳಗೂ ಚಿಮುಕಿಸಿ, ಹೂ ಹಾಕಿ, ಬೆನ್ನು ತಟ್ಟಿ ಮುಚ್ಚಿದೀನಿ. ಒಂದು ಉಸಿರಿನ ಕೆಲಸ."

ಒಂದು ಉಸಿರು ಸಾಕಾಗಿತ್ತು. ಕಾಗದಕ್ಕೆ ಬೆಳಕು ಬಿದ್ದಿತ್ತು, ಹನ್ನೊಂದು ತಿಂಗಳು ಹೋಗಿತ್ತು, ಇನ್ನೊಂದು ವರ್ಷವನ್ನು ಎಲ್ಲಿಂದ ತರುವುದು? ಸೆನೋಬಿಯಾಳ ಬಾಯಿಂದ ಬರಬಾರದ ಮಾತು ಬಂತು.

"ನಿನಗೆ ಟೇಬಲ್ ಬೇಕಿತ್ತಲ್ಲ, ತಗೋ. ನನ್ನ ಕೈ ಹೋದಾಗಿಂದ ನೀನು ಇದನ್ನೇ ಕಾಯ್ತಿದ್ದೆ. ಇನ್ನು ಈ ಮನೇಲಿ ದುಡಿಯೋ ಕೈ ನಿನ್ನದೊಂದೇ."

ದೆಲ್ಫಿನಾ ಬಟ್ಟಲನ್ನು ನೆಲಕ್ಕಿಟ್ಟಳು.

"ಒಂದು ವರ್ಷ ಅದನ್ನ ಬೈದಿದೀನಿ ಅಕ್ಕಾ" ಎಂದಳು. "ನನ್ನ ಬೈಗುಳ ಅದಕ್ಕೆ ತಗುಲಿರುತ್ತೇನೋ ಅಂತ ಭಯ ಆಯ್ತು. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಅದಕ್ಕೆ ಹಾಕ್ದೆ. ನಿನ್ನ ಚಿತ್ರ ಚೆನ್ನಾಗಿ ಬರ್ಲಿ ಅಂತ."

ಅಡುಗೆಮನೆಗೆ ಹೋದವಳು ಮತ್ತೆ ಈಚೆ ಬರಲಿಲ್ಲ. ಹಬ್ಬದ ಮಾಂಸ, ಅಕ್ಕಿ, ಎಲೆಕೋಸು, ಪೀಚ್ ಎಲ್ಲ ಪಾತ್ರೆಯಲ್ಲಿ ಆರಿಹೋದವು. ನೋಯೆಲಿಯಾ ಅಲ್ಲೊಂದು ಸಲ ಇಲ್ಲೊಂದು ಸಲ ಓಡಾಡಿ ಸುಸ್ತಾಗಿ, ಅಚ್ಚಿನ ಚಿತ್ರವೇ ಸಾಕು, ನೀವಿಬ್ಬರೂ ಉಣ್ಣಿ ಎಂದು ಬೇಡಿಕೊಂಡಳು. ಯಾರೂ ಉಣ್ಣಲಿಲ್ಲ.

ಮಾರನೆಯ ದಿನ ವಿಭೂತಿ ಬುಧವಾರ. ದೊನ್ ಲಿಂಬರ್ಟ್ ಹಣೆಗೆ ಬೂದಿಯ ಶಿಲುಬೆ ಹಚ್ಚಿಸಿಕೊಂಡು ಸೂಪಿಗೆ ಬಂದ. ವಿಷಯ ಕೇಳಿ ಅವನ ಮುಖವೂ ಬೂದಿಯಾಯಿತು. ಕಾಗದ ಎಸೆಯಬೇಕು ಎಂದ. ಕೋಣೆ ಮಬ್ಬಾಗಿದ್ದದ್ದರಿಂದ ಪೂರ್ತಿ ಹೋಗಿರಲಿಕ್ಕಿಲ್ಲ, ಆದರೆ ಫೋಟೊ ಎಂದು ಕರೆಯುವ ಹಾಗೆ ಇರುವುದಿಲ್ಲ ಎಂದ. ಸೆನೋಬಿಯಾ ಕುರ್ಚಿಯಲ್ಲಿ ಕೂತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಹಿಂದೆ ಒಮ್ಮೆ ಅರ್ಧ ಬರೆದ ಚಿತ್ರದ ಮೇಲೆ ದೆಲ್ಫಿನಾ ಮೆಣಸಿನಕಾಯಿ ಗೊಜ್ಜು ಚೆಲ್ಲಿದ್ದಳು. ಒರೆಸಿದಷ್ಟೂ ಹರಡಿತ್ತು. ಆ ಕಲೆಯ ಮೇಲೆ ಸೆನೋಬಿಯಾ ಒಂದು ತಾಮ್ರದ ಚೆಂಬು ಬರೆದಳು, ಆ ಮನೆಯವರು ಇವತ್ತಿಗೂ ಚೆಂಬನ್ನೇ ಹೊಗಳುತ್ತಾರೆ. ನಲವತ್ತಮೂರು ವರ್ಷದಲ್ಲಿ ಅವಳು ಎಸೆದ ಚಿತ್ರ ಒಂದೂ ಇಲ್ಲ.

"ಫೋಟೊ ಆದ್ರೆ ಎಸೀಬಹುದು ದೊನ್ ಲಿಂಬರ್ಟ್" ಎಂದಳು. "ನಾನು ಚಿತ್ರ ಮಾಡ್ತಿರೋದು."

ಎದ್ದು ಪೀಚ್ ಹಣ್ಣಿಗೆ ನೋಯೆಲಿಯಾಳ ಮದುವೆಯ ಪೌಡರು ತೆಳ್ಳಗೆ ಹಚ್ಚಿದಳು. ಶಾಲಿನ ಮೇಲೆ ಬೆರಳಾಡಿಸಿ ನಡುವಿನ ಹೊಲಿಗೆ ಹುಡುಕಿದಳು. ವರ್ಷವಿಡೀ ಖಾಲಿ ಬಿದ್ದಿದ್ದ ಆ ಜಾಗದಲ್ಲಿ ಹಣ್ಣು ಇಟ್ಟು, ಎಲೆಯನ್ನು ಬೆಳಕಿನ ಕಡೆ ತಿರುಗಿಸಿದಳು. ರೊಟ್ಟಿ ಹಲಗೆ ಹಿಡಿಯುವವರು ಇರಲಿಲ್ಲ. ದೊನ್ ಲಿಂಬರ್ಟ್ ಹಲಗೆ ಎತ್ತಲು ಹೋದ, ಅವಳು ಬೇಡ ಎಂದಳು. ಬಾಗಿಲಿಗೆ ಹೋಗಿ ಅಡುಗೆಮನೆಯ ಕಡೆಗೆ, ಯಾರನ್ನೂ ನೋಡದೆ ಹೇಳಿದಳು:

"ಕೆಳಗೆ ನೆರಳು ಗಟ್ಟಿ ಆಗ್ತಿದೆ."

ಆಮೇಲೆ ದೆಲ್ಫಿನಾ ಕೈ ಒರೆಸಿಕೊಳ್ಳುತ್ತಾ ಬಂದಳು, ಹಲಗೆ ಎತ್ತಿಕೊಂಡು ತನ್ನ ಜಾಗದಲ್ಲಿ ನಿಂತಳು. ಕಣ್ಣು ಊದಿತ್ತು.

"ಎರಡೇನಾ?" ಎಂದಳು.

"ಪೀಚ್ ಅಲ್ವಾ, ಮೂರು ಹೇಳೋಣ."

ಮೂರು ನಮೋ ಮರಿಯಾ ಹೇಳಿದರು. ಟೋಪಿ ನಡುಗುತ್ತಾ ಅಡ್ಡ ಬಂತು.

ದೊನ್ ಲಿಂಬರ್ಟ್ ತೋಳುಚೀಲದಲ್ಲಿ ಕೈ ತೂರಿಸಿ ಪೆಟ್ಟಿಗೆಯೊಳಗಿನ ದ್ರಾವಣದಲ್ಲೇ ಕಾಗದ ತೊಳೆದ. ಕಾಗದಕ್ಕೆ ಹೂವು ಅಂಟಿಕೊಂಡಿದೆ, ಬಿಡಿಸುತ್ತಿದ್ದೇನೆ ಎಂದು ಗೊಣಗಿದ. ಮೊದಲ ಕಾಗದದಲ್ಲಿ ಕಪ್ಪು ಬಿಳುಪು ಅದಲುಬದಲಾಗಿರುತ್ತದೆ. ಅದರದೇ ಇನ್ನೊಂದು ಫೋಟೊ ತೆಗೆದರೆ ನಿಜವಾದ ಚಿತ್ರ. ಆ ಎರಡನೆಯದನ್ನು ಅವನು ಬಕೆಟ್ಟಿನ ನೀರಿಗೆ ಬಿಟ್ಟಾಗ ಅದು ತಲೆಕೆಳಗಾಗಿ ಬಿತ್ತು. ಯಾರೂ ತಿರುಗಿಸಲು ಹೋಗಲಿಲ್ಲ, ಸೆನೋಬಿಯಾ ಮೊದಲು ಹಾಗೇ ನೋಡುವವಳು ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. ಭಾರ ಸರಿಯಾಗಿತ್ತು, ತೂತು ಎಲ್ಲೂ ಇರಲಿಲ್ಲ. ಕೆಳಗಡೆ ಏನೋ ಇತ್ತು.

ತಿರುಗಿಸಿದಳು. ಹನ್ನೆರಡು ಹಣ್ಣು, ನಡುವೆ ಪೀಚ್, ಅದರ ಎಲೆಯ ಮೇಲೆ ಕಿಟಕಿಯ ಗೇಣು ಬೆಳಕು. ಹಿಂದಿನ ಕಪ್ಪು ಪೂರ್ತಿ ಕಪ್ಪಾಗಿರಲಿಲ್ಲ, ನಸುಕಿನ ಹಾಗೆ ಬೂದು ಬೂದಾಗಿತ್ತು. ಅದರ ತುಂಬ ಪಕಳೆಗಳ, ಕಾಗದದ ಚೂರುಗಳ ಕಪ್ಪು ನೆರಳು, ಹಣ್ಣುಗಳ ಮೇಲೆ ಯಾರೋ ಆಗತಾನೆ ಎರಚಿದಂತೆ. ಚಿಚಾದಲ್ಲಿ ಒದ್ದೆಯಾಗಿ ಕಾಗದಕ್ಕೆ ಅಂಟಿದ ಒಂದೊಂದು ಪಕಳೆಯೂ ಬೆಳಕಿಗೆ ಅಡ್ಡ ನಿಂತು ತನ್ನ ಗುರುತು ಬಿಟ್ಟಿತ್ತು. ಮೇಲುಗಡೆಯಿಂದ, ಹನ್ನೆರಡು ಹಣ್ಣಿನ ನೆತ್ತಿಯ ಮೇಲೆ, ಒಂದು ಅಗಲವಾದ ಹಸ್ತ ಇಳಿದಿತ್ತು. ಐದು ಬೆರಳೂ ಬಿಡಿಸಿದ್ದವು, ತೋರುಬೆರಳು ಅರ್ಧಕ್ಕೇ ನಿಂತಿತ್ತು. ಬೆನ್ನು ತಟ್ಟಿದೆ ಎಂದು ದೆಲ್ಫಿನಾ ಹೇಳಿದ್ದು ಇದನ್ನೇ: ಮುಚ್ಚುವ ಮುನ್ನ ಅವಳು ತಟ್ಟಿದ್ದು ಒಳಗಿನ ಕಾಗದದ ಬೆನ್ನನ್ನು.

ದೆಲ್ಫಿನಾ ಚಿತ್ರ ನೋಡಿದಳು, ತನ್ನ ಬಲಗೈ ನೋಡಿದಳು, ಕೈಯನ್ನು ಏಪ್ರನ್ನಿನೊಳಗೆ ಅಡಗಿಸಿಕೊಂಡಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ದೊನ್ ಲಿಂಬರ್ಟ್ ಟೋಪಿ ತೆಗೆದ. ನಲವತ್ತು ವರ್ಷದಲ್ಲಿ ತಾನು ಇಂಥದ್ದೊಂದನ್ನೂ ತೆಗೆದಿಲ್ಲ ಎಂದ, ಆಮೇಲೆ ಹಸ್ತದ ಗುರುತು ತೋರಿಸಿ, ನೀವೊಬ್ಬರೇ ಇದನ್ನು ತೆಗೆದಿಲ್ಲ ದೊನ್ಯಾ ಎಂದ.

"ಇಲ್ಲ" ಎಂದು ಸೆನೋಬಿಯಾ ಒಪ್ಪಿಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು. ತಂಗಿಯ ಕೈಯನ್ನು ಏಪ್ರನ್ನಿನಿಂದ ಹೊರಗೆಳೆದು, ತನ್ನ ನಡುಗುವ ಕೈಯಲ್ಲಿ ಹಿಡಿದುಕೊಂಡಳು. "ಕೈ ಹೋಯ್ತು ಕೈ ಹೋಯ್ತು ಅಂತ ಎರಡು ವರ್ಷ ಅತ್ತೆ ದೆಲ್ಫಿ. ಮನೇಲಿ ಇನ್ನೊಂದು ಇತ್ತು, ನಾನು ನೋಡಿರಲಿಲ್ಲ."

ದೆಲ್ಫಿನಾ ಮೂಗು ಒರೆಸಿಕೊಂಡು, ಅರ್ಧ ಬೆರಳು ಕಾಣುವ ಹಾಗೆ ತೆಗೆದಿದ್ದೀಯ, ಮದುವೆಗೆ ಬಂದವರೆಲ್ಲ ಏನಂದುಕೊಳ್ಳುತ್ತಾರೆ ಎಂದು ಗೊಣಗಿದಳು. ಆಮೇಲೆ ಹೋಗಿ ಇಕ್ಕಳ ತಂದು ಟೇಬಲ್ಲಿನ ಕಾಲಿನ ಮೊಳೆ ಕೀಳಲು ಕೂತಳು.

ಈಸ್ಟರ್ ಕಳೆದ ಶನಿವಾರ ಚಿತ್ರ ನೋಯೆಲಿಯಾಳ ಹೊಸ ಊಟದ ಕೋಣೆಯ ಗೋಡೆಗೆ ಹೋಯಿತು. ಸಂಜೆ ಅವಳು ಅದರ ಕೆಳಗೆ ನಿಂತು, ನಿಮ್ಮ ಚಿತ್ರಗಳಲ್ಲೆಲ್ಲ ಎಡಗಡೆ ಮೂಲೆಯಲ್ಲಿ ಸಹಿ ಇರುತ್ತಿತ್ತಲ್ಲ ಮದ್ರಿನಾ, ಇದರಲ್ಲಿಲ್ಲ ಎಂದಳು. ಸೆನೋಬಿಯಾ ಚಿತ್ರವನ್ನು ಇಳಿಸಿ ಬೆನ್ನು ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಳು, ಪೆನ್ಸಿಲ್ ಕೇಳಿದಳು. ಎರಡು ಹೆಸರು ಬರೆಯಲು ಅವಳಿಗೆ ಎರಡು ನಮೋ ಮರಿಯಾಗಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ಮೊದಲು ತಂಗಿಯದು, ಕೆಳಗೆ ತನ್ನದು. ಅಕ್ಷರಗಳು ಅಂಕುಡೊಂಕಾದವು. ಅವಳು ಅಳಿಸಲಿಲ್ಲ.